ಜನ ಮೆಚ್ಚಿದ ಎಂಜಿನ್ ಯಾವುದು, ಯಾಕೆ? ಹೊಸೂರು ಸೀಮೆಯ ಟೂ-ಸ್ಟ್ರೋಕ್ ಅನುಭವದಿಂದ ಒಂದು ವಿವರಣೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಳ್ಳಲಾಗಿದೆ. ಪ್ರಶ್ನೋತ್ತರದ ಆಯ್ದ ಭಾಗ ಕೊನೆಯಲ್ಲಿದೆ.)

ದನಿ ಕೇಳಿಸ್ತಾ ಇದೆ ಅಂದ್ಕೋತೀನಿ. ಮಧ್ಯೆ ಕರೆಂಟ್ ಹೋದರೆ ಎರಡು ನಿಮಿಷ ಕಾಯಬೇಕು, ನಾನು ತಳಿ ಹತ್ತಿರದ ನಮ್ಮೂರಿನಿಂದಲೇ ಮಾತಾಡ್ತಾ ಇದ್ದೀನಿ.

"ಸಾರ್ವಕಾಲಿಕ ಶ್ರೇಷ್ಠ ಎಂಜಿನ್ ಯಾವುದು?" ಅನ್ನೋದು ಮೆಕ್ಯಾನಿಕಲ್ ವಿಭಾಗದ ಹಾಸ್ಟೆಲಿನಲ್ಲಿ ಪ್ರತಿ ವರ್ಷ ಏಳುವ ಜಗಳ. ಒಬ್ಬ ಫೆರಾರಿಯ ವಿ-12 ಅಂತಾನೆ. ಇನ್ನೊಬ್ಬ ಕಾಸ್‌ವರ್ತ್ ಡಿಎಫ್‌ವಿ ಅಂತಾನೆ. ಇವರಲ್ಲಿ ಯಾರೂ ಆ ಎಂಜಿನ್ನುಗಳನ್ನ ಮುಟ್ಟಿದವರಲ್ಲ, ನಾನೂ ಮುಟ್ಟಿಲ್ಲ. ಆದರೆ ಇದೇ ಪ್ರಶ್ನೆಯನ್ನು ಹೊಸೂರಿನಲ್ಲೋ ದೇನಕನಿಕೋಟೆಯಲ್ಲೋ ಒಂದು ಗ್ಯಾರೇಜಿನ ಮುಂದೆ ಕೇಳಿದರೆ ಬರುವ ಉತ್ತರ ಬೇರೆ. ಶೋಗನ್, ಆರ್‌ಎಕ್ಸ್ 100, ಯೆಜ್ದಿ ರೋಡ್‌ಕಿಂಗ್, ಆರ್‌ಡಿ 350. ಈ ನಾಲ್ಕರಲ್ಲಿ ಒಂದನ್ನಾದರೂ ಹೇಳದೆ ಯಾರೂ ಮಾತು ಮುಗಿಸೋದಿಲ್ಲ. ನಾಲ್ಕೂ ಟೂ-ಸ್ಟ್ರೋಕ್. ನಾಲ್ಕರ ತಯಾರಿಕೆಯೂ ಬಹಳ ಹಿಂದೆಯೇ ನಿಂತಿದೆ.

ಯಾವುದು ಶ್ರೇಷ್ಠ ಅನ್ನೋದನ್ನ ತೀರ್ಮಾನಿಸೋದು ಈ ಪ್ರಬಂಧದ ಉದ್ದೇಶ ಅಲ್ಲ. ಜನ ಒಂದು ಎಂಜಿನ್ನನ್ನು ಮೆಚ್ಚೋದಕ್ಕೆ ಆ ಯಂತ್ರದ ಒಳಗೇ ಏನು ಕಾರಣ ಇದೆ ಅನ್ನೋದನ್ನ ವಿವರಿಸೋದು ಉದ್ದೇಶ. ಮೂರು ಅಳತೆಗೋಲು ಇಟ್ಟುಕೊಂಡಿದ್ದೇನೆ: ಲೀಟರಿಗೆ ಎಷ್ಟು ಶಕ್ತಿ, ಆ ಶಕ್ತಿ ಹೇಗೆ ಏರುತ್ತೆ, ಮತ್ತು ಎಂಜಿನ್ ನಮ್ಮ ಕೈಗೆ ಎಷ್ಟು ಸಿಗುತ್ತೆ. ಮೂರನೆಯದು ಪಠ್ಯಪುಸ್ತಕದಲ್ಲಿ ಇಲ್ಲ. ಅದನ್ನ ನಾನು ಒಂದು ತಪ್ಪು ಮಾಡಿ ಕಲಿತೆ. ಅದರ ಕಥೆ ಮುಂದೆ ಬರುತ್ತೆ.

1. ಊರಿನ ಹಿನ್ನೆಲೆ

ಬೆಂಗಳೂರಿನಿಂದ ಅತ್ತಿಬೆಲೆ ದಾಟಿದರೆ ಹೊಸೂರು, ಸುಮಾರು 40 ಕಿಲೋಮೀಟರ್. ಆಡಳಿತಕ್ಕೆ ತಮಿಳುನಾಡು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಸೇರುತ್ತೆ. ಮಾತಿಗೆ ತಮಿಳು, ತೆಲುಗು, ಕನ್ನಡ ಮೂರೂ ಬೇಕು. ನಮ್ಮ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಗ್ಯಾರೇಜಿನಲ್ಲಿ ಮಾತ್ರ ಈ ತಕರಾರಿಲ್ಲ. ಪಿಸ್ಟನ್, ರಿಂಗು, ಬ್ಲಾಕು, ಪ್ಲಗ್ಗು ಅನ್ನೋ ಮಾತು ಮೂರು ಭಾಷೆಗೂ ಒಂದೇ.

1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಸೂರಿನ ಚಹರೆ ಬದಲಾಯ್ತು. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂತು, ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್. ಅದೇ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯೂ ಬಂತು. 1982ರಲ್ಲಿ ಟಿವಿಎಸ್ ತನ್ನ ರೇಸಿಂಗ್ ತಂಡ ಕಟ್ಟಿತು. ಅದೇ ವರ್ಷ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯ್ತು, 1984ರಿಂದ ಇಂಡ್-ಸುಜುಕಿ ಎಎಕ್ಸ್ 100 ಬೈಕು ಬರತೊಡಗಿತು. ಆಮೇಲೆ ಸಮುರಾಯ್, ಶೋಗನ್, ಶಾವೊಲಿನ್. 2001ರಲ್ಲಿ ಸುಜುಕಿ ಜೊತೆಗಿನ ಪಾಲುದಾರಿಕೆ ಮುಗಿಯಿತು.

ನಮ್ಮ ಮನೆಯಲ್ಲಿ ಎರಡು ಗಾಡಿ. ಅಪ್ಪನದು ಟಿವಿಎಸ್ ಎಕ್ಸ್‌ಎಲ್. ಬೆಳಗಿನ ಜಾವ ಗುಲಾಬಿ ಕಟ್ಟು ಹೇರಿಕೊಂಡು ಹೊಸೂರಿಗೆ ಹೋಗೋದು ಅದರ ಕೆಲಸ. ಇನ್ನೊಂದು ನಮ್ಮ ಸೋದರಮಾವನ ಶೋಗನ್. ಮಾವನಿಗೆ ದೇನಕನಿಕೋಟೆ ರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜಿದೆ. ಶೋಗನ್ ಮೇಲೆ ಒಂದು ದಿನವೂ ಮೂಟೆ ಹೇರಿದವರಲ್ಲ. ಭಾನುವಾರ ಅಂಚೆಟ್ಟಿ ಕಡೆ ಕಾಡುದಾರಿಯಲ್ಲಿ ಒಂದು ಸುತ್ತು ಹೋಗಿ ಬಂದು, ಒರೆಸಿ, ಗೋಣಿಚೀಲ ಹೊದಿಸಿ ನಿಲ್ಲಿಸ್ತಾರೆ. ಬಳಸೋ ಎಂಜಿನ್ ಒಂದು, ಮೆಚ್ಚೋ ಎಂಜಿನ್ ಇನ್ನೊಂದು. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

2. ಮೊದಲ ಅಳತೆ: ಲೀಟರಿಗೆ ಎಷ್ಟು?

ದೊಡ್ಡ ಎಂಜಿನ್, ಚಿಕ್ಕ ಎಂಜಿನ್ ಹೋಲಿಸೋಕೆ ಒಂದು ಸುಲಭ ದಾರಿ ಇದೆ. ಅಶ್ವಶಕ್ತಿಯನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ. ಲೀಟರಿಗೆ ಇಷ್ಟು ಅಂತ ಬರುತ್ತೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ರೋಡ್‌ಕಿಂಗ್: ಸುಮಾರು 249 ಸಿಸಿಗೆ 16 ಅಶ್ವಶಕ್ತಿ, ಅಂದ್ರೆ ಲೀಟರಿಗೆ 64. ರಾಜದೂತ್ ಹೆಸರಿನಲ್ಲಿ ಎಸ್ಕಾರ್ಟ್ಸ್ ತಯಾರಿಸಿದ ಯಮಾಹಾ ಆರ್‌ಡಿ 350ರಲ್ಲಿ 347 ಸಿಸಿಗೆ 30.5, ಲೀಟರಿಗೆ 88. ಆರ್‌ಎಕ್ಸ್ 100ರಲ್ಲಿ 98 ಸಿಸಿಗೆ 11, ಲೀಟರಿಗೆ 112. ಹೊಸೂರಿನ ಶೋಗನ್‌ನಲ್ಲಿ 108 ಸಿಸಿಗೆ ಸುಮಾರು 14, ಲೀಟರಿಗೆ 130. ಅಪ್ಪನ ಈಗಿನ ಎಕ್ಸ್‌ಎಲ್ 100, ಇದು ಫೋರ್-ಸ್ಟ್ರೋಕ್, 99.7 ಸಿಸಿಗೆ 4.3, ಲೀಟರಿಗೆ ಬರೀ 43.

ಈಗ ಹಾಸ್ಟೆಲ್ ಜಗಳದ ಡಿಎಫ್‌ವಿ ತಗೊಳ್ಳಿ. 1967ರ ಜೂನಿನಲ್ಲಿ ಜ್ಯಾಂಡ್‌ವೋರ್ಟ್‌ನಲ್ಲಿ ಮೊದಲ ರೇಸಿಗೇ ಜಿಮ್ ಕ್ಲಾರ್ಕ್ ಅದರಲ್ಲಿ ಗೆದ್ದರು. ಆಗ ಮೂರು ಲೀಟರಿಗೆ ಸುಮಾರು 400 ಅಶ್ವಶಕ್ತಿ. ಭಾಗಿಸಿ ನೋಡಿ: ಲೀಟರಿಗೆ 130ರ ಆಸುಪಾಸು. ನಮ್ಮ ಮಾವನ ಶೋಗನ್‌ನಷ್ಟೇ!

ನಗ್ತಾ ಇದ್ದೀರಿ, ಸರಿ. ಇದರಲ್ಲಿ ಒಂದು ಮೋಸ ಇದೆ, ಅದನ್ನು ಬಿಡಿಸಿ ಹೇಳ್ತೀನಿ. ಫೋರ್-ಸ್ಟ್ರೋಕ್ ಎಂಜಿನ್ನು ಎರಡು ಸುತ್ತಿಗೆ ಒಂದು ಸಲ ಸಿಡಿಯುತ್ತೆ. ಟೂ-ಸ್ಟ್ರೋಕ್ ಪ್ರತಿ ಸುತ್ತಿಗೂ ಸಿಡಿಯುತ್ತೆ. ಅದೇ ಗಾತ್ರದಲ್ಲಿ ಎರಡರಷ್ಟು ಸಲ ಕೆಲಸ. ಹಾಗಾದ್ರೆ ಎರಡರಷ್ಟು ಶಕ್ತಿ ಬರಬೇಕಿತ್ತಲ್ಲ? ರೋಡ್‌ಕಿಂಗ್‌ನಲ್ಲಿ ಬರಲಿಲ್ಲ, ಶೋಗನ್‌ನಲ್ಲಿ ಅದಕ್ಕಿಂತ ಎರಡು ಪಟ್ಟು ಬಂತು. ಎರಡೂ ಟೂ-ಸ್ಟ್ರೋಕ್ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ? ಉತ್ತರದ ಒಂದು ದೊಡ್ಡ ಪಾಲು ಸೈಲೆನ್ಸರಿನಲ್ಲಿದೆ.

3. ಎರಡನೆಯ ಅಳತೆ: ಶಕ್ತಿ ಏರುವ ಬಗೆ

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಫೋರ್-ಸ್ಟ್ರೋಕ್‌ನಂಥ ವಾಲ್ವು ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಅವಕ್ಕೆ ಪೋರ್ಟು ಅಂತೀವಿ. ಪಿಸ್ಟನ್ನೇ ಬಾಗಿಲು. ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೋಣೆಗೆ ಪೆಟ್ರೋಲು-ಗಾಳಿ ಮಿಶ್ರಣ ಎಳೆದುಕೊಳ್ಳುತ್ತೆ. ಮೇಲೆ ಸಿಡಿದು ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಯ ಪೋರ್ಟು ತೆರೆಯುತ್ತೆ, ಸುಟ್ಟ ಅನಿಲ ಹೊರಗೆ. ಇನ್ನಷ್ಟು ಕೆಳಗಿಳಿದಾಗ ಟ್ರಾನ್ಸ್‌ಫರ್ ಪೋರ್ಟುಗಳು ತೆರೆಯುತ್ತವೆ, ಹೊಸ ಮಿಶ್ರಣ ಒಳಗೆ.

ತೊಂದರೆ ಇಲ್ಲೇ ಇದೆ. ಹೊಸ ಮಿಶ್ರಣ ಒಳಬರೋ ಹೊತ್ತಿನಲ್ಲಿ ಹೊಗೆಯ ಪೋರ್ಟು ಇನ್ನೂ ತೆರೆದೇ ಇರುತ್ತೆ. ಮುಂಬಾಗಿಲಲ್ಲಿ ಬಂದ ನೆಂಟ ಹಿತ್ತಲ ಬಾಗಿಲಲ್ಲಿ ಹೋದ ಹಾಗೆ, ಹೊಸ ಪೆಟ್ರೋಲಿನ ಗಣನೀಯ ಪಾಲು ಸುಡದೇ ಹೊರಗೆ ಹೋಗಿಬಿಡುತ್ತೆ. ಮೈಲೇಜು ಕಡಿಮೆ, ಹೊಗೆ ಜಾಸ್ತಿ.

ಇದಕ್ಕೆ ಒಂದು ಜಾಣ ಉಪಾಯ ಕಂಡುಕೊಂಡವರಲ್ಲಿ ಪ್ರಮುಖರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಸೈಲೆನ್ಸರ್ ಅಂದ್ರೆ ಸದ್ದು ಅಡಗಿಸೋ ಕೊಳವೆ ಮಾತ್ರ ಅಲ್ಲ, ಅದು ಒತ್ತಡದ ಅಲೆಗಳನ್ನು ಹಿಂದಕ್ಕೆ ಕಳಿಸೋ ಸಾಧನ ಅನ್ನೋದು ಅವರ ಕೆಲಸದ ತಿರುಳು. ಪೋರ್ಟು ತೆರೆದ ಕೂಡಲೇ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತೆ. ಕೊಳವೆ ಅಗಲವಾಗ್ತಾ ಹೋಗೋ ಕಡೆ ಅದರಿಂದ ಎಳೆಯುವ ಅಲೆ ವಾಪಸ್ ಬರುತ್ತೆ, ಸಿಲಿಂಡರಿನಿಂದ ಹಳೆಯ ಹೊಗೆಯನ್ನು ಹೀರುತ್ತೆ. ಮುಂದೆ ಕೊಳವೆ ಕಿರಿದಾಗೋ ಕಡೆ ತಳ್ಳುವ ಅಲೆ ವಾಪಸ್ ಬರುತ್ತೆ, ತಪ್ಪಿಸಿಕೊಂಡು ಹೋಗ್ತಿದ್ದ ಹೊಸ ಮಿಶ್ರಣವನ್ನು ಪೋರ್ಟು ಮುಚ್ಚೋ ಮುಂಚೆ ಮತ್ತೆ ಒಳಕ್ಕೆ ದೂಡುತ್ತೆ. ರೇಸ್ ಬೈಕುಗಳ ಹೊಟ್ಟೆ ಉಬ್ಬಿದ ಸೈಲೆನ್ಸರ್ ನೋಡಿದ್ದೀರಲ್ಲ, ಆ ಆಕಾರದ ಗುಟ್ಟು ಇದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಎಂಜಿನ್ 8500 ಆರ್‌ಪಿಎಂನಲ್ಲಿ ಓಡ್ತಿದೆ ಅಂದ್ರೆ ಒಂದು ಸುತ್ತಿಗೆ ಸುಮಾರು 7 ಮಿಲಿಸೆಕೆಂಡು. ಹೊಗೆಯ ಪೋರ್ಟು ಅರ್ಧ ಸುತ್ತು, ಅಂದ್ರೆ 180 ಡಿಗ್ರಿ ತೆರೆದಿರುತ್ತೆ ಅಂತಿಟ್ಟುಕೊಳ್ಳಿ. ಆ ಅಲೆಗೆ ಸಿಗೋ ಸಮಯ 3.5 ಮಿಲಿಸೆಕೆಂಡು. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಅಂತ ಹಿಡಿದರೆ ಅಷ್ಟರಲ್ಲಿ ಅದು ಸುಮಾರು 1.75 ಮೀಟರ್ ಓಡುತ್ತೆ. ಹೋಗಿ ಬರಬೇಕು, ಆದ್ದರಿಂದ ಕೊಳವೆಯ ಪರಿಣಾಮಕಾರಿ ಉದ್ದ ಅದರ ಅರ್ಧ, ಸುಮಾರು 88 ಸೆಂಟಿಮೀಟರ್.

ಈಗ ಅದೇ ಕೊಳವೆ ಇಟ್ಟುಕೊಂಡು ಎಂಜಿನ್ನನ್ನು 5000 ಆರ್‌ಪಿಎಂನಲ್ಲಿ ಓಡಿಸಿ. ಒಂದು ಸುತ್ತಿಗೆ 12 ಮಿಲಿಸೆಕೆಂಡು, ಪೋರ್ಟು ತೆರೆದಿರೋದು 6 ಮಿಲಿಸೆಕೆಂಡು. ಅಲೆ ಮಾತ್ರ 3.5ಕ್ಕೇ ಬಂದುಬಿಡುತ್ತೆ. ಬೇಗ ಬಂತು. ಪೋರ್ಟು ಮುಚ್ಚೋಕೆ ಇನ್ನೂ ಹೊತ್ತಿದೆ, ದೂಡಿದ ಮಿಶ್ರಣ ಮತ್ತೆ ಹೊರಗೆ ಜಾರುತ್ತೆ, ಒಳಬರೋ ಮಿಶ್ರಣಕ್ಕೂ ಅಡ್ಡಿ. ಅದಕ್ಕೇ ಇಂಥ ಎಂಜಿನ್ನು ಕೆಳಗಿನ ಆರ್‌ಪಿಎಂನಲ್ಲಿ ಮಂಕು. ಒಂದು ಹಂತ ದಾಟಿದ ಕೂಡಲೇ ಅಲೆ ಮತ್ತು ಪಿಸ್ಟನ್ ತಾಳ ಕೂಡಿ ಗಾಡಿ ಚಿಮ್ಮುತ್ತೆ. ಇದಕ್ಕೆ ಪವರ್ ಬ್ಯಾಂಡ್ ಅಂತ ಹೆಸರು. ಮಾವನ ಭಾಷೆಯಲ್ಲಿ ಹೇಳೋದಾದ್ರೆ "ಗಾಡಿ ಎದ್ದು ನಿಂತ್ಕೊಳ್ತದೆ".

ಜನ ಮೆಚ್ಚೋದು ಈ ಕ್ಷಣವನ್ನು. ಕೈ ತಿರುಗಿಸಿದಷ್ಟೇ ಶಕ್ತಿ ಕೊಡೋ ಎಂಜಿನ್ನಿಗೆ ನೆನಪಿನಲ್ಲಿ ಉಳಿಯೋ ಕ್ಷಣ ಇಲ್ಲ. ಶೋಗನ್‌ಗೆ ಇದೆ. ಅದರ ಕಿರಿಚುವ ದನಿ ಕೂಡ ಬರೋದು ಇದೇ ಅಲೆಗಳಿಂದ. ರೋಡ್‌ಕಿಂಗ್ ಮತ್ತು ಅದರ ಹಿಂದಿನ ಜಾವಾ ಇದಕ್ಕೆ ವಿರುದ್ಧ. ಜಾವಾ 250ರ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ಉದ್ದನೆಯ ಸ್ಟ್ರೋಕು, ಕಡಿಮೆ ಆರ್‌ಪಿಎಂ, ಕೆಳಗಿನಿಂದಲೇ ಎಳೆತ. ಅದರ ಅಭಿಮಾನಿಗಳು ಮೆಚ್ಚೋದು ಆ "ಡುಗ್ ಡುಗ್" ನಿಧಾನವನ್ನು. ಆರ್‌ಎಕ್ಸ್ 100 ಇವೆರಡರ ನಡುವೆ: ಬೋರು 50, ಸ್ಟ್ರೋಕು 50, ಚೌಕ ಎಂಜಿನ್. ಒಳಬರುವ ದಾರಿಯಲ್ಲಿ ರೀಡ್ ವಾಲ್ವ್ ಅನ್ನೋ ತೆಳು ಎಲೆಗಳಿವೆ. ಒಳಗೆ ಬಂದ ಮಿಶ್ರಣ ಕಾರ್ಬೊರೇಟರ್ ಕಡೆ ವಾಪಸ್ ಹೋಗದ ಹಾಗೆ ಅವು ಮುಚ್ಚಿಕೊಳ್ಳುತ್ತವೆ. ಅದರಿಂದ ಕೆಳಗೂ ಎಳೆತ, ಮೇಲೂ ಓಟ. "ಎಲ್ಲರೂ ಮೆಚ್ಚುವ" ಪಟ್ಟಿಯಲ್ಲಿ ಅದು ಮೊದಲು ಬರೋದಕ್ಕೆ ಈ ಎರಡೂ ಕಡೆಯ ಗುಣ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

4. ಪೂರ್ವ ಜರ್ಮನಿಯಿಂದ ಹೊಸೂರಿಗೆ

ಈ ತಿಳಿವಳಿಕೆ ಹೊಸೂರಿನ ತನಕ ಹೇಗೆ ಬಂತು ಅನ್ನೋದು ಒಂದು ಪತ್ತೇದಾರಿ ಕಥೆಯಂತಿದೆ, ಆದರೆ ದಾಖಲೆಯಲ್ಲಿರೋ ಇತಿಹಾಸ. 1961ರ ಹೊತ್ತಿಗೆ ಕಾಡೆನ್‌ರ 125 ಸಿಸಿ ಎಂಜೆಡ್ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು, ಅಂದ್ರೆ ಲೀಟರಿಗೆ 200. ಆ ಬೈಕಿನ ಸವಾರ ಅರ್ನ್ಸ್ಟ್ ಡೆಗ್ನರ್, 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ ರೇಸಿಗೆ ಹೋದವರು ತಮ್ಮ ದೇಶಕ್ಕೆ ಮರಳಲಿಲ್ಲ. ಪಶ್ಚಿಮಕ್ಕೆ ಹೋಗಿ ಸುಜುಕಿ ಸೇರಿದರು, ಎಂಜೆಡ್‌ನ ತಾಂತ್ರಿಕ ಗುಟ್ಟುಗಳೂ ಅವರ ಜೊತೆ ಹೋದವು. 1962ರಲ್ಲಿ ಡೆಗ್ನರ್ ಸುಜುಕಿ ಬೈಕಿನಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು.

ಅಲ್ಲಿಂದ ಸರಿಯಾಗಿ 20 ವರ್ಷಕ್ಕೆ, 1982ರಲ್ಲಿ, ಸುಜುಕಿ ಹೊಸೂರಿಗೆ ಬಂತು. ಕಾಡೆನ್‌ರ ಎಂಜಿನ್ನಿನ ಭಾಗವೇ ಶೋಗನ್‌ನಲ್ಲಿದೆ ಅಂತ ನಾನು ಹೇಳ್ತಿಲ್ಲ. ಅವರ ರೇಸ್ ಎಂಜಿನ್ನಿನಲ್ಲಿ ಮಿಶ್ರಣ ಎಳೆಯೋಕೆ ಡಿಸ್ಕ್ ವಾಲ್ವ್ ಇತ್ತು, ಬೀದಿಯ ಬೈಕಿನ ದಾರಿ ಬೇರೆ. ಆದರೆ ಸೈಲೆನ್ಸರಿನಲ್ಲಿ ಅಲೆ ಎಣಿಸಿ ಶಕ್ತಿ ತೆಗೆಯಬಹುದು ಅನ್ನೋ ತಿಳಿವಳಿಕೆ ಇಡೀ ಜಪಾನಿ ಟೂ-ಸ್ಟ್ರೋಕ್ ಕುಲದ ಆಸ್ತಿ ಆಯ್ತು. ಆ ಆಸ್ತಿಯಲ್ಲಿ ದೇನಕನಿಕೋಟೆ ರಸ್ತೆಯ ಗ್ಯಾರೇಜಿಗೂ ಒಂದು ಪಾಲು ಬಂತು.

ರೇಸಿನ ಮೈದಾನವೂ ದೂರ ಇರಲಿಲ್ಲ. ಚೆನ್ನೈ ಹತ್ತಿರದ ಶೋಳಾವರಂನ ಹಳೇ ವಿಮಾನ ಓಡುದಾರಿಯಲ್ಲಿ ದಶಕಗಳ ಕಾಲ ರೇಸು ನಡೀತಿತ್ತು. 1990ರಲ್ಲಿ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ ಹೊಸ ಟ್ರ್ಯಾಕ್ ಆಯ್ತು. ಅಲ್ಲಿಗೆ ಹೋಗಿ ನೋಡಿ ಬಂದವರು ಊರಿನಲ್ಲಿ ತಮ್ಮ ಗಾಡಿಯ ಪೋರ್ಟು ಉಜ್ಜೋಕೆ ಕೂರ್ತಿದ್ದರು. ನಾನೂ ಕೂತೆ.

5. ಮೂರನೆಯ ಅಳತೆ: ಕೈಗೆ ಸಿಗುವ ಎಂಜಿನ್

ಡಿಪ್ಲೊಮಾ ಎರಡನೇ ವರ್ಷ. ಅಲೆ, ಪೋರ್ಟು, ಡಿಗ್ರಿ ಎಲ್ಲ ಹೊಸದಾಗಿ ಓದಿದ್ದೆ. ಮಾವ ಒಂದು ಮದುವೆಗೆ ಅಂತ ಮೂರು ದಿನ ಊರಲ್ಲಿರಲಿಲ್ಲ. ಶೋಗನ್‌ನ ಬ್ಲಾಕು ಇಳಿಸಿದೆ. ಹೊಗೆಯ ಪೋರ್ಟಿನ ಮೇಲಂಚನ್ನು ಒಂದೂವರೆ ಮಿಲಿಮೀಟರಿನಷ್ಟು ಉಜ್ಜಿ ಎತ್ತರಿಸಿದೆ.

ಒಂದೂವರೆ ಮಿಲಿಮೀಟರ್ ಏನು ಮಹಾ ಅಂತ ಅನ್ನಿಸಬಹುದು. 50 ಮಿ.ಮೀ. ಸ್ಟ್ರೋಕಿನ ಎಂಜಿನ್ನಿಗೆ ಲೆಕ್ಕ ಹಾಕಿದರೆ, ಪಿಸ್ಟನ್ ಆ ಎತ್ತರದಲ್ಲಿರುವಾಗ ಕ್ರ್ಯಾಂಕಿನ ಒಂದು ಡಿಗ್ರಿಗೆ ಸುಮಾರು 0.44 ಮಿ.ಮೀ. ಸರಿಯುತ್ತೆ. ಹಾಗಾಗಿ ತೆರೆಯುವಾಗ ಮೂರೂವರೆ ಡಿಗ್ರಿ ಬೇಗ, ಮುಚ್ಚುವಾಗ ಮೂರೂವರೆ ಡಿಗ್ರಿ ತಡ. ಒಟ್ಟು 7 ಡಿಗ್ರಿ ಹೆಚ್ಚು. ಪವರ್ ಬ್ಯಾಂಡ್ ಮೇಲಕ್ಕೆ ಸರಿಯುತ್ತೆ, ಕೆಳಗಿನ ಎಳೆತ ಹೋಗುತ್ತೆ. ಪುಸ್ತಕದಲ್ಲಿ ಹೇಗಿತ್ತೋ ಹಾಗೇ ಆಯ್ತು. ನೇರ ರಸ್ತೆಯಲ್ಲಿ ಗಾಡಿ ಹುಚ್ಚು ಹಿಡಿದ ಹಾಗೆ ಓಡ್ತು.

ಮಾವ ಬಂದರು. ಭಾನುವಾರ ಅಂಚೆಟ್ಟಿ ದಾರಿಗೆ ಹೋದರು, ಏರಿನಲ್ಲಿ ಗಾಡಿ ಎಳೀಲಿಲ್ಲ. ಮೊದಲನೇ ಗೇರಿಗೆ ಇಳಿಸಿ, ಕ್ಲಚ್ಚು ಹಿಡಿದು ಹಿಡಿದು ಹತ್ತಿಸಿಕೊಂಡು ಬಂದರು. ನಾನು ನಿಜ ಹೇಳಿದೆ. ಬೈಯಲಿಲ್ಲ. "ಓಟ ಏನೋ ಜಾಸ್ತಿ ಆಯ್ತು ಕಣೋ. ಆದ್ರೆ ಇದು ನಮ್ಮ ರಸ್ತೆ ಗಾಡಿ ಅಲ್ಲ ಈಗ" ಅಂದರು.

ಅಷ್ಟಕ್ಕೇ ಮುಗೀಲಿಲ್ಲ. ನಾನು ಪೋರ್ಟಿನ ಅಂಚನ್ನು ನುಣುಪಾಗಿ ಇಳಿಜಾರು ಮಾಡಿರಲಿಲ್ಲ, ಚೂಪಾಗಿ ಬಿಟ್ಟಿದ್ದೆ. ಪಿಸ್ಟನ್ ರಿಂಗು ಪ್ರತಿ ಸುತ್ತಿನಲ್ಲೂ ಪೋರ್ಟಿನ ಮುಂದೆ ಹಾಯುವಾಗ ಕೊಂಚ ಹೊರಕ್ಕೆ ಉಬ್ಬುತ್ತೆ. 8000 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ 16,000 ಸಲ ಆ ಅಂಚನ್ನು ದಾಟುತ್ತೆ. ಎರಡು ವಾರದಲ್ಲಿ ರಿಂಗು ಸಿಕ್ಕಿ ಮುರೀತು. ಮುರಿದ ಚೂರು ಬೋರಿನ ಗೋಡೆಯನ್ನು ಉದ್ದಕ್ಕೂ ಗೀರಿಬಿಡ್ತು.

ಇಲ್ಲಿ ಮೂರನೆಯ ಅಳತೆ ಬರುತ್ತೆ. ಇಂಥ ಗಾಯಕ್ಕೆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಮದ್ದು ಇದೆ. ಎರಕದ ಕಬ್ಬಿಣದ ಬೋರನ್ನು ಲೇತಿನವರ ಹತ್ತಿರ ಸ್ವಲ್ಪ ಅಗಲ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದರೆ ಗಾಡಿ ಮತ್ತೆ ಹೊಸದು. ಇದಕ್ಕೆ ಓವರ್‌ಸೈಜ್ ಅಂತೀವಿ. ಬ್ಲಾಕು, ಪಿಸ್ಟನ್, ಪಿನ್ನು, ರಿಂಗು, ಕ್ರ್ಯಾಂಕು, ಇಷ್ಟೇ ಮುಖ್ಯ ಚಲನೆ. ನಾಲ್ಕು ನಟ್ಟು ಬಿಚ್ಚಿದರೆ ಎಂಜಿನ್ನಿನ ಹೃದಯ ಕೈಯಲ್ಲಿ. ಶಾಲೆ ಬಿಟ್ಟ ಹುಡುಗ ಕೂಡ ಒಂದು ವರ್ಷದಲ್ಲಿ ಕಲಿಯಬಲ್ಲ. ಎಷ್ಟೋ ಮನೆಗಳಲ್ಲಿ ಒಲೆ ಉರಿದಿದ್ದು ಈ ಸರಳತೆಯಿಂದ.

ಇದೇ ಅಳತೆಯನ್ನು ಹೊರಗಿನ ಲೋಕಕ್ಕೂ ಹಚ್ಚಿ ನೋಡಿ. ಡಿಎಫ್‌ವಿ ಯಾಕೆ ಅಷ್ಟು ಪ್ರೀತಿ ಗಳಿಸಿತು? 1967ರಿಂದ 1983ರವರೆಗೆ 155 ಗ್ರ್ಯಾನ್ ಪ್ರಿ ಗೆದ್ದಿತು, ಅದು ಸರಿ. ಅದಕ್ಕಿಂತ ಮುಖ್ಯ, 1968ರಿಂದ ಅದು ಬೇರೆ ತಂಡಗಳಿಗೂ ದುಡ್ಡಿಗೆ ಸಿಗತೊಡಗಿತು. ಸ್ವಂತ ಎಂಜಿನ್ ಮಾಡೋ ತಾಕತ್ತಿಲ್ಲದ ಸಣ್ಣ ತಂಡ ಕೂಡ ಒಂದು ಡಿಎಫ್‌ವಿ ಕೊಂಡು, ಚಾಸಿ ಕಟ್ಟಿ, ಫೆರಾರಿಯನ್ನು ಎದುರಿಸಬಹುದಿತ್ತು. ಅಲ್ಲಿಯೂ ಮೆಚ್ಚುಗೆಯ ಬೇರು ಕೈಗೆ ಸಿಗೋದರಲ್ಲಿದೆ.

6. ಹಾಗಾದರೆ ನಿಂತದ್ದು ಯಾಕೆ?

ಮೆಚ್ಚುಗೆ ಒಂದು ಕಡೆ, ಹೊಗೆ ಇನ್ನೊಂದು ಕಡೆ. ಸುಡದ ಪೆಟ್ರೋಲು, ಅದರ ಜೊತೆ ಸುಡುವ ಆಯಿಲು. ಪೆಟ್ರೋಲಿಗೆ ಆಯಿಲು ಬೆರೆಸೋದು ಮೊಪೆಡ್‌ಗಳ ರೂಢಿ. ಒಂದಕ್ಕೆ ಐವತ್ತು ಅಂದ್ರೆ ಲೀಟರಿಗೆ 20 ಎಂ.ಎಲ್. ಅಷ್ಟೂ ಗಾಳಿಗೆ. ದೇಶದಲ್ಲಿ ಹೊಗೆಯ ನಿಯಮಗಳು 1996ರಲ್ಲಿ, ಮತ್ತೆ 2000ದಲ್ಲಿ ಬಿಗಿಯಾದವು. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದೂ ಅದೇ ವರ್ಷ, ಅದಕ್ಕೆ ಬೇರೆ ಕಾರಣಗಳೂ ಇದ್ದವು. ಹೊಸೂರಿನಲ್ಲಿ 2001ರಲ್ಲಿ ವಿಕ್ಟರ್ ಬಂತು, 2006ರಲ್ಲಿ ಅಪಾಚೆ. ಎರಡೂ ಫೋರ್-ಸ್ಟ್ರೋಕ್. ಕೊನೆಗೆ ಎಕ್ಸ್‌ಎಲ್ ಕೂಡ ಎಕ್ಸ್‌ಎಲ್ 100 ಆಗಿ ಫೋರ್-ಸ್ಟ್ರೋಕ್ ಆಯ್ತು.

ಅದು ಇಳಿತ ಅಂತ ನಾನು ಹೇಳೋದಿಲ್ಲ. 2013ರಲ್ಲಿ ಟಿವಿಎಸ್ ಮತ್ತು ಬಿಎಂಡಬ್ಲ್ಯು ಒಪ್ಪಂದ ಆಯ್ತು. ಅದರಿಂದ ಬಂದ ಎಂಜಿನ್ನು 312 ಸಿಸಿ, ಬೋರು 80 ಮಿ.ಮೀ., ಸ್ಟ್ರೋಕು 62.1 ಮಿ.ಮೀ., ಸುಮಾರು 34 ಅಶ್ವಶಕ್ತಿ. ಲೀಟರಿಗೆ 109, ಆರ್‌ಎಕ್ಸ್ 100ರ ಸಮಸಮ, ಅದೂ ಎರಡು ಸುತ್ತಿಗೆ ಒಂದೇ ಸಲ ಸಿಡಿದು! ಸಿಲಿಂಡರ್ ಹಿಂದಕ್ಕೆ ವಾಲಿದೆ. ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. 9500 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19.7 ಮೀಟರ್. ಆರ್‌ಎಕ್ಸ್ 100ರಲ್ಲಿ 7500ಕ್ಕೆ ಅದು 12.5 ಮಾತ್ರ. ಎಂಜಿನಿಯರಿಂಗ್ ಲೆಕ್ಕದಲ್ಲಿ ಹೊಸೂರಿನಿಂದ ಬಂದ ಶ್ರೇಷ್ಠ ಎಂಜಿನ್ನುಗಳ ಸಾಲಿನಲ್ಲಿ ಇದಕ್ಕೆ ಜಾಗ ಕೊಡಲೇಬೇಕು. ಮಾವನ ಪಟ್ಟಿಯಲ್ಲಿ ಮಾತ್ರ ಇದಿಲ್ಲ. "ಒಳ್ಳೆ ಎಂಜಿನ್ನೇ ಮರಿ. ಆದ್ರೆ ಕೆಟ್ರೆ ಲ್ಯಾಪ್‌ಟಾಪ್ ಇರೋನ ಹತ್ರ ಹೋಗ್ಬೇಕು, ನನ್ ಹತ್ರ ಯಾರು ಬರ್ತಾರೆ?" ಅಂತಾರೆ.

ಇದನ್ನ ಹಳೇ ಕಾಲದ ಹಂಬಲ ಅಂತ ತಳ್ಳಿಹಾಕಬಾರದು. ಅವರ ಕೈಯಲ್ಲಿರೋದು ಮೂವತ್ತು ವರ್ಷದ ಅಳತೆಗಳು: ಯಾವ ಪಿಸ್ಟನ್ನಿಗೆ ಎಷ್ಟು ಸಂದು, ಏರು ರಸ್ತೆಯ ಗಾಡಿಗೆ ಯಾವ ಜೆಟ್ಟು, ಪ್ಲಗ್ಗಿನ ಬಣ್ಣ ಏನು ಹೇಳುತ್ತೆ. ಒಂದೂ ಬರೆದಿಟ್ಟಿಲ್ಲ.

7. ಸಮಾರೋಪ

ನನ್ನ ವಾದವನ್ನು ಕೂಡಿಸಿ ಹೇಳ್ತೀನಿ. ಬರೀ ಲೀಟರ್ ಲೆಕ್ಕ ಹಿಡಿದರೆ ರೋಡ್‌ಕಿಂಗ್ ಯಾವ ಪಟ್ಟಿಗೂ ಬರೋದಿಲ್ಲ, ಆದರೂ ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ದಿ ದಿನ ಅಂತ ಜನ ಸೇರ್ತಾರೆ. ಬರೀ ಬಳಕೆ ಹಿಡಿದರೆ ನಮ್ಮ ಮನೆಯಲ್ಲಿ ಎಕ್ಸ್‌ಎಲ್‌ಗೆ ಮೊದಲ ಜಾಗ, ಆದರೂ ಅದಕ್ಕೆ ಯಾರೂ ಗೋಣಿಚೀಲ ಹೊದಿಸಲ್ಲ. ನೆನಪಿನಲ್ಲಿ ಉಳಿಯುವ ಹಾಗೆ ಶಕ್ತಿ ಏರಬೇಕು, ಕೆಟ್ಟಾಗ ನಮ್ಮ ಕೈಗೆ ಸಿಗಬೇಕು. ಈ ಎರಡು ಕೂಡಿದ ಎಂಜಿನ್ನನ್ನು ಜನ ಮೆಚ್ಚುತ್ತಾರೆ. ಲೀಟರ್ ಲೆಕ್ಕ ಆಮೇಲಿನ ಮಾತು.

ಪ್ರಶ್ನೋತ್ತರ

ಪ್ರಾಧ್ಯಾಪಕರೊಬ್ಬರು: ಮಾಲಿನ್ಯ ಮಾಡುವ ಯಂತ್ರವನ್ನು ನೀವು ವೈಭವೀಕರಿಸುತ್ತಿಲ್ಲವೇ?

ಒಳ್ಳೆಯ ಪ್ರಶ್ನೆ ಸರ್. ಮತ್ತೆ ಅದನ್ನು ರಸ್ತೆಗೆ ತರಬೇಕು ಅಂತ ನಾನು ಹೇಳ್ತಿಲ್ಲ. ಅದರ ಹೊಗೆ ಕುಡಿದವರಲ್ಲಿ ಮೊದಲಿಗರು ಗ್ಯಾರೇಜಿನವರೇ. ಮಾವ ಈಗಲೂ ಬೆಳಗ್ಗೆ ಎದ್ದು ಹತ್ತು ನಿಮಿಷ ಕೆಮ್ಮುತ್ತಾರೆ, ಕಾರಣ ಹೊಗೆ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ಆದರೆ ನಮಗೆ ಅನುಮಾನ ಇದೆ. ಎಂಜಿನ್ ಹೋಗಿದ್ದು ಸರಿ. ಅದರ ಜೊತೆ ಅದನ್ನು ಬಲ್ಲವರ ತಿಳಿವಳಿಕೆಯೂ ಹೋಗಬೇಕಾಗಿಲ್ಲ ಅನ್ನೋದಷ್ಟೇ ನನ್ನ ಮಾತು.

ವಿದ್ಯಾರ್ಥಿನಿಯೊಬ್ಬರು: ಎಲೆಕ್ಟ್ರಿಕ್ ಮೋಟರನ್ನು ಮುಂದೆ ಯಾರಾದರೂ ಹೀಗೆ ಮೆಚ್ಚುತ್ತಾರಾ?

ಇದು ನಮ್ಮ ಜಿಲ್ಲೆಯದೇ ಪ್ರಶ್ನೆ. ಹೊಸೂರಿನಲ್ಲಿ ಏಥರ್ ಕಾರ್ಖಾನೆ ಇದೆ, ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕಾರ್ಖಾನೆ ಇದೆ. ಮೋಟರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತೆ, ಅದಕ್ಕೆ ಪವರ್ ಬ್ಯಾಂಡ್‌ನ ಕಾಯುವಿಕೆ ಇಲ್ಲ. ಮೆಚ್ಚುಗೆಗೆ ಅದೊಂದೇ ಅಡ್ಡಿ ಆಗಲಾರದು, ಹೊಸ ಪೀಳಿಗೆ ಬೇರೇನನ್ನೋ ಮೆಚ್ಚುತ್ತೆ. ಆದರೆ ಮೂರನೆಯ ಅಳತೆ ಉಳಿಯುತ್ತೆ. ಊರಿನ ಗ್ಯಾರೇಜಿನವನಿಗೆ ಅದನ್ನು ಬಿಚ್ಚಿ ಕಟ್ಟೋಕೆ ಅವಕಾಶ ಸಿಗುತ್ತಾ? ಸಿಕ್ಕಿದರೆ ಮೆಚ್ಚುಗೆಯೂ ಬರುತ್ತೆ ಅಂತ ನನ್ನ ಊಹೆ.

ಸಹಪಾಠಿಯೊಬ್ಬರು: ಶೋಗನ್ ಈಗ ಹೇಗಿದೆ?

ಓಡ್ತಾ ಇದೆ. ಬೇರೆ ಹಳೇ ಬ್ಲಾಕು ಹುಡುಕಿದೆವು, ಸಿಗಲಿಲ್ಲ. ಬೋರು ಮಾಡಿಸಿ ಮಾವನ ಹತ್ತಿರ ಉಳಿದಿದ್ದ ಕೊನೇ ಓವರ್‌ಸೈಜ್ ಪಿಸ್ಟನ್ ಹಾಕಿದ್ದೇವೆ, ಪೋರ್ಟಿನ ಅಂಚನ್ನು ಈ ಸಲ ಮಾವನೇ ನುಣುಪು ಮಾಡಿದರು. ನಾನು ಎತ್ತರಿಸಿದ ಪೋರ್ಟನ್ನು ಇಳಿಸೋಕೆ ಆಗಲ್ಲ. ಅದಕ್ಕೆ ಬ್ಲಾಕಿನ ಕೆಳಗಿದ್ದ ಗ್ಯಾಸ್ಕೆಟ್ ಬದಲಿಸಿ ತೆಳುವಾದದ್ದು ಹಾಕಿ, ಬ್ಲಾಕನ್ನೇ ಕೊಂಚ ಕೆಳಗೆ ಕೂರಿಸಿದ್ದಾರೆ, ತಲೆಯ ಕಡೆ ಅಷ್ಟೇ ದಪ್ಪ ಸೇರಿಸಿದ್ದಾರೆ. ಅರ್ಧದಷ್ಟು ಎಳೆತ ವಾಪಸ್ ಬಂದಿದೆ. ಅಂಚೆಟ್ಟಿ ಏರನ್ನು ಈಗ ಎರಡನೇ ಗೇರಿನಲ್ಲಿ ಹತ್ತುತ್ತೆ. ಆ ಅಳತೆಗಳನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡ್ತಾ ಇದ್ದೀನಿ. ಭಾನುವಾರ ಮಾವ ಹೇಳ್ತಾರೆ, ನಾನು ಬರ್ಕೋತೀನಿ. ನಿಮ್ಮೂರಿನ ಗ್ಯಾರೇಜಿನಲ್ಲೂ ಇಂಥ ಹಿರಿಯರಿದ್ದರೆ ದಯವಿಟ್ಟು ಇದೇ ಕೆಲಸ ಶುರು ಮಾಡಿ.